ಹೊಸ ಕ್ಯಾಮೆರಾ, ಹಳೆಯ ಕೈ

ಮದುವೆ ಮನೆಯಲ್ಲಿ ಫೋಟೋ ತೆಗೆಯುವವರ ಕೈಯನ್ನು ಗಮನಿಸಿ ನೋಡಿ. ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವ ಹೊತ್ತಿಗೆ ಅವರ ಕಣ್ಣು ವ್ಯೂಫೈಂಡರಿನಲ್ಲಿ ನೆಟ್ಟಿರುತ್ತದೆ. ಬೆರಳು ತನ್ನ ಪಾಡಿಗೆ ತಾನು ಡಯಲ್ ತಿರುಗಿಸುತ್ತದೆ, ಫೋಕಸ್ ಬಿಂದುವನ್ನು ಗಂಡಿನ ಮುಖದಿಂದ ಹೆಣ್ಣಿನ ಮುಖಕ್ಕೆ ಸರಿಸುತ್ತದೆ. ಬೆರಳಿಗೆ ಇಷ್ಟು ಅಭ್ಯಾಸವಾಗಲು ವರ್ಷಗಳು ಬೇಕು. ಅದೇ ಕೈಗೆ ಬೇರೆ ಕಂಪನಿಯ ಬಾಡಿ ಬಂದರೆ, ಬೇರೆಯವರ ಅಡುಗೆಮನೆಯಲ್ಲಿ ಸಾರು ಮಾಡಲು ನಿಂತಂತಾಗುತ್ತದೆ. ಅಡುಗೆ ಗೊತ್ತು, ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಗೊತ್ತಿಲ್ಲ.

ಕ್ಯಾಮೆರಾ ಬದಲಿಸುವ ಅಗತ್ಯ ಈಗ ಊರೂರಿನ ಸ್ಟುಡಿಯೋಗಳಿಗೂ ಬಂದಿದೆ. 2018ರಲ್ಲಿ ನಿಕಾನ್ ತನ್ನ ಝಡ್ ಸರಣಿಯನ್ನೂ ಕ್ಯಾನನ್ ತನ್ನ ಆರ್ ಸರಣಿಯನ್ನೂ ಹೊರತಂದವು. 2020ರಲ್ಲಿ ಬಂದ ನಿಕಾನ್ ಡಿ6 ಮತ್ತು ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3ರ ನಂತರ ಈ ಎರಡೂ ಕಂಪನಿಗಳು ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳನ್ನು ಬಿಟ್ಟು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಪೂರ್ತಿಯಾಗಿ ಹೊರಳಿದವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಈ ಕಸುಬು ಮಾಡುವವರು ಇವತ್ತಲ್ಲ ನಾಳೆ ಕ್ಯಾಮೆರಾ ಬದಲಿಸಲೇಬೇಕು. ಕೆಲವರು ಹೊಸದು ಕೊಳ್ಳುತ್ತಾರೆ, ಕೆಲವರು ಸೆಕೆಂಡ್ ಹ್ಯಾಂಡ್, ಇನ್ನು ಕೆಲವರು ಒಂದು ಕೆಲಸದ ಮಟ್ಟಿಗೆ ಬಾಡಿಗೆಗೆ ತರುತ್ತಾರೆ. ಮೂವರಿಗೂ ಎದುರಾಗುವ ಪ್ರಶ್ನೆ ಒಂದೇ: ಹಳೆಯ ಕೈಯನ್ನು ಹೊಸ ಕ್ಯಾಮೆರಾಕ್ಕೆ ಒಗ್ಗಿಸುವುದು ಹೇಗೆ?

ಮೆನುವಿನ ನೂರಾರು ಸಾಲುಗಳನ್ನು ಬಾಯಿಪಾಠ ಮಾಡುವುದರಿಂದ ಕೈ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈ ಏನೇನು ಮಾಡುತ್ತದೆ ಎಂದು ಮೊದಲು ಪಟ್ಟಿ ಮಾಡಿ, ಹೊಸ ಕ್ಯಾಮೆರಾವನ್ನು ಸಾಧ್ಯವಾದಷ್ಟು ಆ ಪಟ್ಟಿಗೆ ಹೊಂದಿಸಿ, ಹೊಂದದೆ ಉಳಿದದ್ದನ್ನು ಮಾತ್ರ ಅಭ್ಯಾಸದಿಂದ ಕಲಿಯಬೇಕು. ಆ ಅಭ್ಯಾಸಕ್ಕೆ ಬೇಕಾದ ಜಾಗಗಳೆಲ್ಲ ಈ ನಾಲ್ಕು ತಾಲ್ಲೂಕುಗಳಲ್ಲೇ ಇವೆ.

ಬದಲಿಸಲು ಯಾವ ತಿಂಗಳು?

ಮದುವೆ ಸೀಸನ್ ನಡುವೆ ಕ್ಯಾಮೆರಾ ಬದಲಿಸಬೇಡಿ. ನಮ್ಮ ಪಂಚಾಂಗವೇ ಇದಕ್ಕೆ ಬಿಡುವು ಕೊಟ್ಟಿದೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳು ನಡೆಯುವುದು ಅಪರೂಪ. ಆಷಾಢದ ಆರಂಭದಲ್ಲಿ ಕ್ಯಾಮೆರಾ ಕೈಗೆ ಬಂದರೆ ಶ್ರಾವಣದ ಲಗ್ನಗಳ ಹೊತ್ತಿಗೆ ಬೆರಳು ಪಳಗಿರುತ್ತದೆ. ರಾಮನಗರದ ಚಾಮುಂಡೇಶ್ವರಿ ಕರಗ ಬರುವುದೂ ಆಷಾಢದಲ್ಲೇ. ರಾತ್ರಿ, ಜನಜಂಗುಳಿ, ಓಡಾಡುವ ಬೆಳಕು ಮೂರೂ ಒಟ್ಟಿಗೆ ಸಿಗುವ ಜಾಗ ಅದು. ಯಾರಿಗೂ ಮಾತು ಕೊಟ್ಟಿರದ ಕಾರಣ ಅಲ್ಲಿ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಬದಲಾಗುವುದು, ಬದಲಾಗದಿರುವುದು

ಬೆಳಕಿನ ಲೆಕ್ಕ ಎಲ್ಲ ಕಂಪನಿಗಳಲ್ಲೂ ಒಂದೇ. ಅಪರ್ಚರ್ ಎಫ್ 4, ಶಟರ್ 1/250 ಸೆಕೆಂಡು, ಐಎಸ್‌ಒ 400 ಎಂದರೆ ನಿಕಾನಿನಲ್ಲೂ ಕ್ಯಾನನ್ನಿನಲ್ಲೂ ಸೋನಿಯಲ್ಲೂ ಬಹುತೇಕ ಒಂದೇ ಪ್ರಮಾಣದ ಬೆಳಕಿನ ಚಿತ್ರ ಬರುತ್ತದೆ. ಇಷ್ಟು ವರ್ಷ ಕಲಿತ ವಿದ್ಯೆಯಲ್ಲಿ ದೊಡ್ಡ ಪಾಲು ಹಾಗೇ ಉಳಿಯುತ್ತದೆ.

ಬದಲಾಗುವುದು ಆ ಮೂರು ಅಂಕಿಗಳನ್ನು ತಲುಪುವ ದಾರಿ. ಡಯಲ್ ಇರುವ ಜಾಗ, ಅದು ತಿರುಗುವ ದಿಕ್ಕು, ಬಟನ್ನಿನ ಹೆಸರು, ಪರದೆ ತೋರಿಸುವ ಬಗೆ ಬೇರೆಯಾಗುತ್ತವೆ. ದಿಕ್ಕಿನ ವ್ಯತ್ಯಾಸವೇ ಎಲ್ಲಕ್ಕಿಂತ ಹೆಚ್ಚು ಕಾಡುವುದು. ಹೆಸರು ಮರೆತರೆ ಕಣ್ಣು ಹುಡುಕಿಕೊಳ್ಳುತ್ತದೆ. ದಿಕ್ಕು ತಪ್ಪಿದರೆ ಕೈ ತಪ್ಪು ಕೆಲಸವನ್ನು ಪೂರ್ತಿ ಮುಗಿಸಿಬಿಟ್ಟಿರುತ್ತದೆ.

ನಿಕಾನ್ ಮತ್ತು ಕ್ಯಾನನ್ ಲೆನ್ಸ್‌ಗಳ ಝೂಮ್ ಉಂಗುರ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಲೆನ್ಸ್ ಕೂರಿಸುವುದೂ ಹಾಗೆಯೇ. ಕ್ಯಾಮೆರಾದ ಮುಂಭಾಗ ನಿಮ್ಮ ಕಡೆಗಿದ್ದಾಗ ಕ್ಯಾನನ್, ಸೋನಿ, ಫ್ಯೂಜಿ ಲೆನ್ಸ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿ ಕೂರುತ್ತವೆ. ನಿಕಾನ್ ಅದಕ್ಕೆ ಎದುರು ದಿಕ್ಕು. ಎಕ್ಸ್‌ಪೋಶರ್ ಪಟ್ಟಿಯನ್ನೂ ನೋಡಿಕೊಳ್ಳಿ. ಹಳೆಯ ನಿಕಾನ್‌ಗಳಲ್ಲಿ ಪ್ಲಸ್ ಎಡಕ್ಕೆ, ಮೈನಸ್ ಬಲಕ್ಕೆ ಇತ್ತು. ಇತ್ತೀಚಿನವುಗಳಲ್ಲಿ ಮೈನಸ್ ಎಡಕ್ಕೆ ಬಂದಿದೆ. ಇದನ್ನು ಅದಲುಬದಲು ಮಾಡುವ ಆಯ್ಕೆ ಮೆನುವಿನಲ್ಲಿದೆ.

ಒಂದೇ ಕಂಪನಿಯೊಳಗೂ ಜಾಗಗಳು ಬದಲಾಗುತ್ತವೆ. ಕ್ಯಾನನ್ ಆರ್6ರಲ್ಲಿ ಆನ್-ಆಫ್ ಸ್ವಿಚ್ ಎಡಗಡೆ ಇತ್ತು. 2022ರಲ್ಲಿ ಬಂದ ಆರ್6 ಮಾರ್ಕ್ 2ರಲ್ಲಿ ಅದು ಬಲಕ್ಕೆ ಹೋಯಿತು, ಎಡಗಡೆ ಫೋಟೋ-ವಿಡಿಯೋ ಸ್ವಿಚ್ ಬಂತು. ಹಳೆಯ ರೂಢಿಯಲ್ಲಿ ಎಡಗಡೆಯ ಸ್ವಿಚ್ ತಿರುಗಿಸಿ ಕ್ಯಾಮೆರಾ ಆನ್ ಮಾಡಲು ಹೋದವರು ವಿಡಿಯೋಗೆ ಹೋಗಿ ನಿಲ್ಲುತ್ತಾರೆ.

ಮೊದಲು ಹಳೆಯ ಕ್ಯಾಮೆರಾವನ್ನು ಓದಿ

ಹೊಸ ಬಾಡಿಯ ಪೆಟ್ಟಿಗೆ ಬಿಚ್ಚುವ ಮುಂಚೆ ಹಳೆಯದನ್ನು ಕೈಗೆತ್ತಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಕೆಲಸದ ನಡುವೆ ನೀವು ಕಣ್ಣು ತೆಗೆಯದೆ ಏನೇನು ಬದಲಿಸುತ್ತೀರಿ? ಹೆಚ್ಚಿನವರ ಪಟ್ಟಿಯಲ್ಲಿ ಐದೇ ಸಂಗತಿ ಇರುತ್ತವೆ: ಅಪರ್ಚರ್ ಅಥವಾ ಶಟರ್, ಐಎಸ್‌ಒ, ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಫೋಕಸ್ ಬಿಂದುವಿನ ಜಾಗ, ಫೋಕಸ್ ಬಗೆ. ಒಂದೊಂದರ ಎದುರಿಗೂ ಯಾವ ಬೆರಳು, ಯಾವ ಬಟನ್, ಯಾವ ದಿಕ್ಕು ಎಂದು ಬರೆದುಕೊಳ್ಳಿ. ಅರ್ಧ ಒತ್ತಿದಾಗ ಫೋಕಸ್ ಆಗುತ್ತದೆಯೋ, ಹಿಂಬದಿಯ ಬಟನ್ನಿನಿಂದ ಫೋಕಸ್ ಮಾಡುತ್ತೀರೋ ಎಂಬುದನ್ನೂ ಸೇರಿಸಿ. ನೆನಪಿನಿಂದ ಬರೆಯಲು ಹೋಗಬೇಡಿ. ಬೆರಳಿಗೆ ಗೊತ್ತಿರುವುದು ಎಷ್ಟೋ ಸಲ ನಾಲಿಗೆಗೆ ಗೊತ್ತಿರುವುದಿಲ್ಲ. ಕ್ಯಾಮೆರಾ ಹಿಡಿದು, ಕೆಲಸ ಮಾಡುತ್ತಾ, ಕೈ ಎಲ್ಲಿಗೆ ಹೋಯಿತು ಎಂದು ನೋಡಿ ಬರೆಯಿರಿ.

ಈಗಿನ ಕ್ಯಾಮೆರಾಗಳಲ್ಲಿ ಬಹಳಷ್ಟು ಬಟನ್‌ಗಳಿಗೆ ನಮಗೆ ಬೇಕಾದ ಕೆಲಸ ಕೊಡಬಹುದು, ಡಯಲ್ ತಿರುಗುವ ದಿಕ್ಕನ್ನೂ ಬದಲಿಸಬಹುದು. ಪಟ್ಟಿಯ ಐದನ್ನೂ ಮೊದಲ ಸಂಜೆಯೇ ಹೊಂದಿಸಿ. ಅವುಗಳಲ್ಲಿ ಮೂರು ಹಳೆಯ ಬೆರಳಿಗೇ ಬಂದರೂ ಅರ್ಧ ದಾರಿ ಸವೆದಂತೆ. ಹೊಂದಿಸಿದ್ದನ್ನು ಮೋಡ್ ಡಯಲ್ಲಿನಲ್ಲಿ ಉಳಿಸಿಡಿ. ಕ್ಯಾನನ್‌ನಲ್ಲಿ ಇವುಗಳ ಹೆಸರು ಸಿ1, ಸಿ2, ಸಿ3. ನಿಕಾನ್‌ನ ಹಲವು ಮಾದರಿಗಳಲ್ಲಿ ಯು1, ಯು2. ನಿಕಾನ್ ಡಿ850, ಝಡ್8 ಥರದ ಮೇಲ್ದರ್ಜೆಯ ಬಾಡಿಗಳಲ್ಲಿ ಯು1, ಯು2 ಇಲ್ಲ, ಅವುಗಳ ಬದಲು ಬ್ಯಾಂಕ್ ಎಂಬ ವ್ಯವಸ್ಥೆ ಇದೆ. ಬಾಡಿಗೆ ಕ್ಯಾಮೆರಾವಾದರೆ ಹಿಂದಿನವರ ಸೆಟ್ಟಿಂಗ್ ಅದರಲ್ಲೇ ಕೂತಿರಬಹುದು, ಆದ್ದರಿಂದ ಮೊದಲು ರೀಸೆಟ್ ಮಾಡಿ, ಆಮೇಲೆ ಹೊಂದಿಸಿ.

ಅದೇ ಸಂಜೆ ಇನ್ನೊಂದು ಸಣ್ಣ ಕೆಲಸ ಮಾಡಿ. ಕೆಲವು ಕ್ಯಾಮೆರಾಗಳು ಒಳಗೆ ಕಾರ್ಡ್ ಇಲ್ಲದಿದ್ದರೂ ಕ್ಲಿಕ್ ಆಗುತ್ತವೆ, ತೆಗೆದ ಚಿತ್ರವನ್ನು ಪರದೆಯ ಮೇಲೂ ತೋರಿಸುತ್ತವೆ. ಆದರೆ ಯಾವುದೂ ಉಳಿದಿರುವುದಿಲ್ಲ. ಕಾರ್ಡ್ ಇಲ್ಲದೆ ಶಟರ್ ಬಿಡುಗಡೆಯಾಗದಂತೆ ಮಾಡುವ ಆಯ್ಕೆ ನಿಕಾನ್, ಕ್ಯಾನನ್, ಸೋನಿ ಮೂರೂ ಕಂಪನಿಗಳ ಮೆನುವಿನಲ್ಲಿದೆ, ಅದನ್ನು ಹಾಕಿಡಿ. ವ್ಯೂಫೈಂಡರ್ ಪಕ್ಕದ ಪುಟ್ಟ ಡಯಾಪ್ಟರ್ ಚಕ್ರವನ್ನೂ ನಿಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳಿ. ಬೇರೆಯವರ ಕಣ್ಣಿಗೆ ಹೊಂದಿಸಿದ್ದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಎಲ್ಲವೂ ಮಸುಕಾಗಿ ಕಂಡು, ಲೆನ್ಸೇ ಕೆಟ್ಟಿದೆ ಎಂದು ಅನುಮಾನಪಡುವವರಿದ್ದಾರೆ.

ಹೆಸರು ಬೇರೆ, ಕೆಲಸ ಒಂದೇ

ಅಪರ್ಚರ್ ನಾವು ಇಟ್ಟು, ಶಟರ್ ಕ್ಯಾಮೆರಾಕ್ಕೆ ಬಿಡುವ ಬಗೆಗೆ ನಿಕಾನ್ ಮತ್ತು ಸೋನಿ 'ಎ' ಎನ್ನುತ್ತವೆ, ಕ್ಯಾನನ್ 'ಎವಿ' ಎನ್ನುತ್ತದೆ. ಶಟರ್ ನಾವು ಇಡುವುದು ಅಲ್ಲಿ 'ಎಸ್', ಇಲ್ಲಿ 'ಟಿವಿ'. ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಫೋಕಸ್ ನಿಕಾನ್ ಮತ್ತು ಸೋನಿಯಲ್ಲಿ 'ಎಎಫ್-ಸಿ', ಕ್ಯಾನನ್ನಿನಲ್ಲಿ 'ಸರ್ವೋ'. ಒಮ್ಮೆ ಹಿಡಿದು ನಿಲ್ಲುವುದು 'ಎಎಫ್-ಎಸ್', ಕ್ಯಾನನ್ನಿನಲ್ಲಿ 'ಒನ್ ಶಾಟ್'.

ಫ್ಯೂಜಿಯ ಎಕ್ಸ್-ಟಿ5 ಥರದ ಕ್ಯಾಮೆರಾಗಳಲ್ಲಿ ಮೋಡ್ ಡಯಲ್ಲೇ ಇರುವುದಿಲ್ಲ. ಮೇಲೆ ಶಟರ್ ಡಯಲ್ ಇದೆ, ಲೆನ್ಸ್ ಮೇಲೆ ಅಪರ್ಚರ್ ಉಂಗುರ ಇದೆ, ಎರಡರಲ್ಲೂ 'ಎ' ಎಂಬ ಗುರುತಿದೆ. ಎರಡನ್ನೂ 'ಎ'ಯಲ್ಲಿಟ್ಟರೆ ಎರಡನ್ನೂ ಕ್ಯಾಮೆರಾ ನೋಡಿಕೊಳ್ಳುತ್ತದೆ. ಶಟರ್ ಮಾತ್ರ 'ಎ'ಯಲ್ಲಿದ್ದರೆ ಅಪರ್ಚರ್ ನಮ್ಮ ಕೈಯಲ್ಲಿ, ಅಪರ್ಚರ್ ಮಾತ್ರ 'ಎ'ಯಲ್ಲಿದ್ದರೆ ಶಟರ್ ನಮ್ಮ ಕೈಯಲ್ಲಿ. ಎರಡನ್ನೂ ಅಂಕಿಗೆ ತಿರುಗಿಸಿದರೆ ಮ್ಯಾನ್ಯುವಲ್. ಫಿಲ್ಮ್ ಕಾಲದ ಕ್ಯಾಮೆರಾ ಬಳಸಿದ ಹಿರಿಯರಿಗೆ ಇದು ಬೇಗ ಒಗ್ಗುತ್ತದೆ.

ಇನ್ನು ಅಭ್ಯಾಸದ ಮಾತು. ಒಂದೊಂದು ಜಾಗಕ್ಕೆ ಒಂದೊಂದೇ ಗುರಿ ಇಟ್ಟುಕೊಂಡು ಹೋಗಿ.

ರಾಮನಗರ: ಬಿಳಿ ಗೂಡು, ಹಾರುವ ಹಕ್ಕಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಕಲಿಯಲು ಹೇಳಿ ಮಾಡಿಸಿದ ಜಾಗ. ಕ್ಯಾಮೆರಾದ ಮೀಟರ್ ತನ್ನೆದುರಿನ ದೃಶ್ಯ ಒಟ್ಟಾರೆ ನಸುಬೂದು ಎಂದು ಭಾವಿಸಿ ಬೆಳಕನ್ನು ಲೆಕ್ಕ ಹಾಕುತ್ತದೆ. ದ್ವಿತಳಿಯ ಬಿಳಿ ಗೂಡಿನ ರಾಶಿಯನ್ನು ತುಂಬಿಸಿ ತೆಗೆದರೆ ಅದು ಬೂದಿ ಬಳಿದಂತೆ ಮಂಕಾಗುತ್ತದೆ. ಪ್ಲಸ್ 1ರ ಆಸುಪಾಸಿಗೆ ಏರಿಸಿದರೆ ಗೂಡು ಬೆಳ್ಳಗೆ ಕಾಣುತ್ತದೆ. ಪಕ್ಕದ ಮಿಶ್ರತಳಿಯ ಹಳದಿ ಗೂಡಿಗೆ ಅಷ್ಟು ಬೇಡ. ಬಣ್ಣ ಮಾಸಿದ ಗೋಡೆಯ ಮುಂದೆ ಕರಿ ಕಂಬಳಿ ಹೊದ್ದು ಕೂತವರನ್ನು ತೆಗೆಯಬೇಕಾದರೆ ಮೈನಸ್ ಬೇಕು.

ಕಣ್ಣು ವ್ಯೂಫೈಂಡರಿನಲ್ಲೇ ಇರಲಿ. ಬಿಳಿ ಗೂಡಿಗೆ ಪ್ಲಸ್, ನೆರಳಿನ ಮೂಲೆಗೆ ಮೈನಸ್, ಮತ್ತೆ ಸೊನ್ನೆ. ಬೆರಳು ತಪ್ಪದೆ ಸರಿಯಾದ ದಿಕ್ಕಿಗೆ ಹೋಗುವವರೆಗೆ ಮಾಡಿ. ನಿಕಾನಿನ ಬಹುತೇಕ ಬಾಡಿಗಳಲ್ಲಿ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಹಿಂದಿನ ಡಯಲ್ ತಿರುಗಿಸಬೇಕು. ಸೋನಿ ಎ7 ಮಾರ್ಕ್ 3ರಲ್ಲಿ ಇದಕ್ಕೆಂದೇ ಒಂದು ಡಯಲ್ ಇದೆ. ಅದು ಬ್ಯಾಗಿನೊಳಗೆ ಉಜ್ಜಿ ತಾನಾಗಿ ತಿರುಗಿರಬಹುದು, ಹೊರತೆಗೆದ ಕೂಡಲೇ ಸೊನ್ನೆಯಲ್ಲಿದೆಯೇ ನೋಡಿ. ಮಾರುಕಟ್ಟೆ ರೈತರಿಗೂ ರೀಲರ್‌ಗಳಿಗೂ ಅನ್ನದ ಜಾಗ. ಅನುಮತಿ ಕೇಳಿ, ಹರಾಜಿಗೆ ಅಡ್ಡ ಬಾರದೆ ನಿಲ್ಲಿ.

ಎರಡನೆಯ ಪಾಠ ರಾಮದೇವರ ಬೆಟ್ಟದ್ದು. 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಣೆಯಾದ ಈ ಬೆಟ್ಟದ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಉಳಿದಿರುವುದು ಕೆಲವೇ ಹಕ್ಕಿಗಳಾದ್ದರಿಂದ ಅವುಗಳ ಮೇಲೆ ಕಲಿಯಲು ಹೋಗಬೇಡಿ. ಕಲಿಕೆಗೆ ಊರಿನ ಮೇಲೆ ಸುತ್ತುವ ಹದ್ದು, ಪಾರಿವಾಳಗಳೇ ಸಾಕು. ಬೆಟ್ಟಕ್ಕೆ ಹೋದಾಗ ದಾರಿ ಬಿಟ್ಟು ಬಂಡೆಗಳ ಕಡೆ ನುಗ್ಗದೆ, ಸದ್ದು ಮಾಡದೆ, ಅರಣ್ಯ ಇಲಾಖೆಯ ನಿಯಮ ಪಾಲಿಸಿ.

ಹಾರುವ ಹಕ್ಕಿಯ ಮೇಲೆ ಮೂರು ಸಂಗತಿ ಪರೀಕ್ಷಿಸಿ. ಒಂದು, ಹಿಂಬಾಲಿಸುವ ಫೋಕಸ್ ಆನ್ ಆಗಿದೆಯೇ? ಎರಡು, ಗುರುತಿಸುವ ವಸ್ತು ಯಾವುದು? ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಲವಕ್ಕೆ ಮನುಷ್ಯ, ಪ್ರಾಣಿ, ಹಕ್ಕಿ ಎಂದು ಗುರುತಿಸಿ ಕಣ್ಣಿಗೇ ಫೋಕಸ್ ಮಾಡುವ ಶಕ್ತಿ ಇದೆ, ಆದರೆ ಕೆಲವು ಮಾದರಿಗಳಲ್ಲಿ ಯಾವುದೆಂದು ನಾವೇ ಆರಿಸಬೇಕು. ಬೆಳಿಗ್ಗೆ ಹಕ್ಕಿಗೆ ಇಟ್ಟು ಸಂಜೆ ಆರತಕ್ಷತೆಗೆ ಹೋದರೆ ಮುಖಗಳನ್ನು ಕ್ಯಾಮೆರಾ ಸರಿಯಾಗಿ ಹಿಡಿಯುವುದಿಲ್ಲ. ಮೂರು, ಲೆನ್ಸ್ ಎಷ್ಟು ದೂರ ಎಟುಕುತ್ತದೆ? ನಿಕಾನ್ ಡಿಎಕ್ಸ್ ಬಾಡಿಯಲ್ಲಿ 300 ಎಂಎಂ ಲೆನ್ಸ್ 450 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಕ್ಯಾನನ್ನಿನ ಸಣ್ಣ ಸೆನ್ಸರಿನಲ್ಲಿ 480ರಷ್ಟು. ಫುಲ್ ಫ್ರೇಮಿಗೆ ಬಂದ ಕೂಡಲೇ ಅದು ಬರೀ 300. ಹೊಸ ಕ್ಯಾಮೆರಾದಲ್ಲಿ ಹಕ್ಕಿ ಚಿಕ್ಕದಾಗಿ ಕಂಡರೆ ಅದು ದೋಷವಲ್ಲ.

ಚನ್ನಪಟ್ಟಣ: ತಿರುಗುವ ಮರ, ಕೆಂಪು ಅರಗು

ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಡಿಎಸ್‌ಎಲ್‌ಆರ್‌ನಿಂದ ಮಿರರ್‌ಲೆಸ್‌ಗೆ ಬಂದವರು ಇಲ್ಲಿ ಕಲಿಯಬೇಕಾದದ್ದು ಎರಡು: ಶಟರಿನ ಬಗೆ ಮತ್ತು ಬಣ್ಣ.

ಮಿರರ್‌ಲೆಸ್ ಕ್ಯಾಮೆರಾದ ಸೈಲೆಂಟ್ ಮೋಡ್ ಎಲೆಕ್ಟ್ರಾನಿಕ್ ಶಟರನ್ನು ಬಳಸುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಚಿತ್ರವನ್ನು ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ವೇಗವಾಗಿ ಚಲಿಸುವ ವಸ್ತು ಜಾಗ ಬದಲಿಸಿರುವುದರಿಂದ ಆಕಾರ ಸೊಟ್ಟಗಾಗುತ್ತದೆ. ಬೆಳಕಿನದ್ದೂ ಇದೇ ಕಥೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಗ್ಗದ ಎಲ್‌ಇಡಿಗಳು ಇನ್ನೂ ಬೇರೆ ಬೇರೆ ಲಯದಲ್ಲಿ ಮಿನುಗುತ್ತವೆ. ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬಂದರೆ ಕಾರಣ ಇದೇ. ಸೈಲೆಂಟ್ ಮೋಡ್ ತೆಗೆದು ಮೆಕ್ಯಾನಿಕಲ್ ಶಟರಿಗೆ ಬನ್ನಿ, ಸ್ಪೀಡನ್ನು 1/50 ಅಥವಾ 1/100ಕ್ಕೆ ಇಳಿಸಿ, ಆ್ಯಂಟಿ-ಫ್ಲಿಕರ್ ಆಯ್ಕೆ ಇದ್ದರೆ ಆನ್ ಮಾಡಿ. ಇದೇ ಪಟ್ಟೆಗಳು ಕಲ್ಯಾಣ ಮಂಟಪದ ಎಲ್‌ಇಡಿ ಅಲಂಕಾರದಲ್ಲೂ ಕಾಯುತ್ತಿರುತ್ತವೆ. ಚನ್ನಪಟ್ಟಣದಲ್ಲಿ ಒಮ್ಮೆ ನೋಡಿದರೆ ಅಲ್ಲಿ ಗಾಬರಿಯಾಗುವುದಿಲ್ಲ.

ಬಣ್ಣದ ವಿಷಯ. ಹೊಳೆಯುವ ಕೆಂಪು ಅರಗಿನಲ್ಲಿ ಕೆಂಪು ಚಾನೆಲ್ ಒಂದೇ ತುಂಬಿ ತುಳುಕಿ, ಮೇಲ್ಮೈಯ ವಿವರ ಅಳಿಸಿಹೋಗುತ್ತದೆ. ಬೆಳಕಿನ ಹಿಸ್ಟೋಗ್ರಾಮಿನಲ್ಲಿ ಅದು ಕಾಣದೆ ಇರಬಹುದು, ಹಾಗಾಗಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮನ್ನು ನೋಡಿ. ಒಂದೇ ಬೊಂಬೆಯನ್ನು ಹಳೆಯ ಹಾಗೂ ಹೊಸ ಕ್ಯಾಮೆರಾ ಎರಡರಲ್ಲೂ, ಅದೇ ಬೆಳಕಿನಲ್ಲಿ, ಅದೇ ಕೆಲ್ವಿನ್ ಅಂಕಿಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಹಳದಿ, ಕೆಂಪು, ಚರ್ಮದ ಬಣ್ಣಗಳನ್ನು ಕಂಪನಿಗಳು ಬೇರೆ ಬೇರೆಯಾಗಿ ತೋರಿಸುತ್ತವೆ. ಎಷ್ಟು ವ್ಯತ್ಯಾಸವಿದೆ ಎಂದು ಮೊದಲೇ ಗೊತ್ತಿದ್ದರೆ ಆಲ್ಬಂ ಮಾಡುವಾಗ ತೊಂದರೆ ಕಡಿಮೆ.

ರಾ ಫೈಲ್ ತೆಗೆಯುವವರು ಅದೇ ದಿನ ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕ್ಯಾಮೆರಾ ಬರುವ ಮುಂಚಿನ ಹಳೆಯ ಸಾಫ್ಟ್‌ವೇರ್ ಆ ಮಾದರಿಯ ರಾ ಫೈಲನ್ನು ಗುರುತಿಸುವುದಿಲ್ಲ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತವಾಗಿ ಸಿಗುತ್ತದೆ, ಅದರಿಂದ ಬದಲಿಸಿ ತೆರೆಯಬಹುದು. ಮದುವೆ ಮುಗಿದ ಮಾರನೆಯ ದಿನ ಇದು ಗೊತ್ತಾಗುವುದು ಬೇಡ.

ಮಾಗಡಿ: ಹಿಡಿತ, ಬಿಸಿಲು, ಬ್ಯಾಟರಿ

ಸಾವನದುರ್ಗ 1226 ಮೀಟರ್ ಎತ್ತರದ ಬೃಹತ್ ಬಂಡೆ. ಅದರ ಎರಡು ಶಿಖರಗಳಿಗೆ ಕರಿಗುಡ್ಡ, ಬಿಳಿಗುಡ್ಡ ಎಂಬ ಹೆಸರುಗಳಿವೆ. ಡೇವಿಡ್ ಲೀನ್ ತಮ್ಮ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಯ ಭಾಗಗಳಿಗೆ ಈ ಸೀಮೆಯ ಬಂಡೆಗಳನ್ನೇ ಆರಿಸಿಕೊಂಡರು. ಇಲ್ಲಿಗೆ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಹೋದರೆ ಅಂಗಡಿಯಲ್ಲಿ ಹತ್ತು ನಿಮಿಷ ಹಿಡಿದಾಗ ಗೊತ್ತಾಗದ ಸಂಗತಿಗಳು ಗೊತ್ತಾಗುತ್ತವೆ. ಮಳೆಯಲ್ಲಿ ಬಂಡೆ ಜಾರುತ್ತದೆ, ಒಣ ದಿನ ನೋಡಿ ಹೋಗಿ.

ಮಿರರ್‌ಲೆಸ್ ಬಾಡಿ ಚಿಕ್ಕದಾದರೂ ಲೆನ್ಸ್ ಹಗುರವಾಗಿರಬೇಕೆಂದಿಲ್ಲ. ಕಿರುಬೆರಳಿಗೆ ಜಾಗ ಸಿಗದೆ ಭಾರವೆಲ್ಲ ಮಣಿಕಟ್ಟಿಗೆ ಬಿದ್ದು ಸಂಜೆಗೆ ನೋಯುತ್ತದೆ. ಎಡಗೈ ಲೆನ್ಸಿನ ಅಡಿಯಲ್ಲಿ ಭಾರ ಹೊರಲಿ, ಬಲಗೈ ಬಟನ್‌ಗಳಿಗೆ ಮಾತ್ರ ಇರಲಿ. ಆಗಲೂ ನೋವಾದರೆ ಕೆಳಗೆ ಜೋಡಿಸುವ ಗ್ರಿಪ್ ತೆಗೆದುಕೊಳ್ಳಿ.

ಬಿಸಿಲಿನಲ್ಲಿ ಹಿಂಬದಿಯ ಪರದೆ ಮಂಕಾಗಿ ಕಾಣುವುದರಿಂದ ಚಿತ್ರ ಕತ್ತಲಾಗಿದೆ ಎನಿಸಿ ಬೆಳಕು ಏರಿಸುವ ಆಸೆಯಾಗುತ್ತದೆ. ನಂಬಬೇಕಾದದ್ದು ಹಿಸ್ಟೋಗ್ರಾಮನ್ನು. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ವ್ಯೂಫೈಂಡರಿಗೆ ಬಿಸಿಲು ತಾಕದ ಕಾರಣ ತೆಗೆದ ಚಿತ್ರವನ್ನೂ ಅದರಲ್ಲೇ ನೋಡಬಹುದು.

ಬ್ಯಾಟರಿಯ ಲೆಕ್ಕ ಪೂರ್ತಿ ಬೇರೆ. ಜಪಾನಿನ ಕ್ಯಾಮೆರಾ ಉದ್ಯಮದ ಒಕ್ಕೂಟವಾದ ಸಿಪಾದ ಅಳತೆಯಲ್ಲಿ ನಿಕಾನ್ ಡಿ750ರ ಒಂದು ಬ್ಯಾಟರಿಗೆ 1230 ಚಿತ್ರ, ಮಿರರ್‌ಲೆಸ್ ಝಡ್6ಕ್ಕೆ 310. ಬಳಕೆಯಲ್ಲಿ ಎರಡೂ ಹೆಚ್ಚೇ ಬರುತ್ತವೆ, ಆದರೆ ಅಂತರ ಉಳಿಯುತ್ತದೆ. ಒಂದು ಬ್ಯಾಟರಿಯಲ್ಲಿ ಮದುವೆ ಮುಗಿಸುತ್ತಿದ್ದವರು ಮೂರು ಇಟ್ಟುಕೊಳ್ಳಬೇಕು. ಹೊಸ ಬಾಡಿಗಳಲ್ಲಿ ಹಲವು ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತವೆ.

ಬೆಟ್ಟದ ಗಾಳಿಯಲ್ಲಿ ಲೆನ್ಸ್ ಬದಲಿಸುವಾಗ ನೆನಪಿಡಿ: ಕನ್ನಡಿ ಇಲ್ಲದ್ದರಿಂದ ಸೆನ್ಸರ್ ತೆರೆದೇ ಇರುತ್ತದೆ. ಕ್ಯಾನನ್ ಇಒಎಸ್ ಆರ್ ಆಫ್ ಮಾಡಿದಾಗ ಶಟರ್ ಮುಚ್ಚಿ ಸೆನ್ಸರನ್ನು ಕಾಯುತ್ತದೆ. ಎಲ್ಲ ಮಾದರಿಗಳೂ ಹಾಗಲ್ಲ. ಬಾಡಿಯ ಬಾಯನ್ನು ನೆಲಕ್ಕೆ ತಿರುಗಿಸಿ, ಬೆನ್ನನ್ನು ಗಾಳಿಗೆ ಕೊಟ್ಟು ಬದಲಿಸಿ. ಕಂಪನಿ ಬದಲಾಗಿದ್ದರೆ ಲೆನ್ಸ್ ತಿರುಗಿಸುವ ದಿಕ್ಕೂ ಬದಲಾಗಿದೆ. ಬರದಿದ್ದರೆ ಬಲವಂತ ಮಾಡಬೇಡಿ.

ಕನಕಪುರ: ನಿಧಾನದ ಶಟರ್

ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಅಲ್ಲಿಂದ ಮುಂದೆ ಕಾವೇರಿ ಕಿರಿದಾದ ಬಂಡೆಗಳ ಸಂದಿಯಲ್ಲಿ ನುಗ್ಗುವ ಮೇಕೆದಾಟು. ಹರಿಯುವ ನೀರು ಹಾಲಿನಂತೆ ಕಾಣಬೇಕಾದರೆ ಶಟರ್ ಸೆಕೆಂಡಿನ ಹತ್ತಿರಕ್ಕೆ ಬರಬೇಕು.

ಮೊದಲು ಅಂಕಿ ಓದುವುದನ್ನು ಕಲಿಯಿರಿ. ಹಲವು ಕ್ಯಾಮೆರಾಗಳ ಪರದೆಯಲ್ಲಿ ಬರೀ 4 ಎಂದಿದ್ದರೆ ಸೆಕೆಂಡಿನ ನಾಲ್ಕನೆಯ ಒಂದು ಭಾಗ. 4ರ ಪಕ್ಕದಲ್ಲಿ ಎರಡು ಗೀಟಿನ ಗುರುತಿದ್ದರೆ ಪೂರ್ತಿ ನಾಲ್ಕು ಸೆಕೆಂಡು. ಎರಡರ ನಡುವೆ ಹದಿನಾರು ಪಟ್ಟು ಬೆಳಕಿನ ವ್ಯತ್ಯಾಸವಿದೆ.

ಎರಡನೆಯದು, ನಡುಕ ತಡೆಯುವ ವ್ಯವಸ್ಥೆ. ಹಳೆಯ ನಿಕಾನ್, ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಅದು ಲೆನ್ಸಿನಲ್ಲಿತ್ತು, ಹೊಸ ಬಾಡಿಗಳಲ್ಲಿ ಹಲವು ಸೆನ್ಸರನ್ನೇ ಅಲುಗಿಸಿ ನಡುಕ ತಡೆಯುತ್ತವೆ. ಕೈಯಲ್ಲಿ ಹಿಡಿದು 1/15, 1/8, 1/4ರಲ್ಲಿ ತೆಗೆದು ಎಲ್ಲಿಯವರೆಗೆ ಬಂಡೆ ಚೂಪಾಗಿ ಬರುತ್ತದೆ ಎಂದು ತಿಳಿದುಕೊಳ್ಳಿ. ಮಬ್ಬು ಬೆಳಕಿನ ದೇವಸ್ಥಾನದೊಳಗೆ ಆ ಅಂಕಿ ಕೈ ಹಿಡಿಯುತ್ತದೆ. ಟ್ರೈಪಾಡ್ ಮೇಲೆ ಇಟ್ಟಾಗ ಆ ವ್ಯವಸ್ಥೆಯನ್ನು ಆಫ್ ಮಾಡಬೇಕೋ ಬೇಡವೋ ಎಂಬುದು ಮಾದರಿಗೊಂದು ಥರ, ಕೈಪಿಡಿ ನೋಡಿ.

ಮೂರನೆಯದು, ದೀರ್ಘ ಎಕ್ಸ್‌ಪೋಶರಿನ ನಾಯ್ಸ್ ಕಳೆಯುವ ಆಯ್ಕೆ ಆನ್ ಇದ್ದರೆ 30 ಸೆಕೆಂಡಿನ ಚಿತ್ರದ ನಂತರ ಕ್ಯಾಮೆರಾ ಮತ್ತೆ ಅಷ್ಟೇ ಹೊತ್ತು ಸುಮ್ಮನಿರುತ್ತದೆ. ಕೆಟ್ಟಿತೆಂದು ಬ್ಯಾಟರಿ ಕೀಳಬೇಡಿ. ಹಳೆಯ ರಿಮೋಟ್ ಹೊಸ ಬಾಡಿಗೆ ಕೂರದಿದ್ದರೆ 2 ಸೆಕೆಂಡಿನ ಟೈಮರ್ ಸಾಕು. ಪಾಚಿಗಟ್ಟಿದ ಬಂಡೆಗಳೂ ಒಳಸುಳಿಯೂ ಅಪಾಯಕಾರಿ, ಚಿತ್ರಕ್ಕಾಗಿ ನೀರಿನ ಅಂಚಿಗೆ ಇಳಿಯಬೇಡಿ.

ಕಲ್ಯಾಣ ಮಂಟಪಕ್ಕೆ ಮೊದಲ ಸಲ

ಮೊದಲ ಮದುವೆಗೆ ಹೊಸ ಕ್ಯಾಮೆರಾ ಎರಡನೆಯ ಕ್ಯಾಮೆರಾವಾಗಿಯೇ ಹೋಗಲಿ. ಧಾರೆ, ಮಾಂಗಲ್ಯಧಾರಣೆಗೆ ಹಳೆಯದು. ಅಲಂಕಾರ, ಊಟದ ಪಂಕ್ತಿ, ನೆಂಟರ ಗುಂಪಿಗೆ ಹೊಸದು. ಹೊರಡುವ ಮುಂಚೆ ಇವನ್ನು ನೋಡಿಕೊಳ್ಳಿ.

ಗಡಿಯಾರ: ಎರಡೂ ಕ್ಯಾಮೆರಾಗಳ ಸಮಯವನ್ನು ಸೆಕೆಂಡಿನವರೆಗೆ ಹೊಂದಿಸಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಜೋಡಿಸುವಾಗ ಆರತಿ ಮೊದಲು, ಧಾರೆ ಆಮೇಲೆ ಎಂಬಂತೆ ಕಲಸಿಹೋಗುತ್ತದೆ.

ವೈಟ್ ಬ್ಯಾಲೆನ್ಸ್: ವೇದಿಕೆಯ ಮೇಲೆ ಎರಡಕ್ಕೂ ಒಂದೇ ಕೆಲ್ವಿನ್ ಅಂಕಿ ಇಡಿ. ಆಟೋ ಬಿಟ್ಟರೆ ಒಂದೇ ಸೀರೆ ಎರಡು ಬಣ್ಣದಲ್ಲಿ ಬರುತ್ತದೆ.

ಫ್ಲ್ಯಾಶ್: ಒಂದು ಕಂಪನಿಯ ಟಿಟಿಎಲ್ ಫ್ಲ್ಯಾಶ್ ಇನ್ನೊಂದರಲ್ಲಿ ತಾನಾಗಿ ಲೆಕ್ಕ ಹಾಕುವುದಿಲ್ಲ. ಟ್ರಿಗರ್ ಕೂಡ ಕಂಪನಿಗೆ ತಕ್ಕದ್ದೇ ಬೇಕು.

ಕತ್ತಲಾದ ವ್ಯೂಫೈಂಡರ್: ಮಿರರ್‌ಲೆಸ್ ನೀವು ಇಟ್ಟ ಸೆಟ್ಟಿಂಗಿನಲ್ಲಿ ಚಿತ್ರ ಹೇಗೆ ಬರುತ್ತದೋ ಹಾಗೆ ತೋರಿಸುತ್ತದೆ. ಫ್ಲ್ಯಾಶ್‌ನ ಬೆಳಕು ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಮ್ಯಾನ್ಯುವಲ್‌ನಲ್ಲಿ ಫ್ಲ್ಯಾಶ್ ಬಳಸುವಾಗ ಎಲ್ಲವೂ ಕಪ್ಪಾಗಿ ಕಂಡರೆ ಸೆಟ್ಟಿಂಗಿನ ಪರಿಣಾಮ ತೋರಿಸುವ ಆಯ್ಕೆಯನ್ನು ಆಫ್ ಮಾಡಿ. ಈ ಆಯ್ಕೆ ಎಲ್ಲಿದೆ ಎಂದು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ.

ಹಳೆಯ ಲೆನ್ಸ್: ನಿಕಾನ್ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಎಎಫ್-ಎಸ್ ಲೆನ್ಸ್‌ಗಳು ಫೋಕಸ್ ಆಗುತ್ತವೆ. ಬಾಡಿಯ ಮೋಟರನ್ನು ನಂಬಿದ ಹಳೆಯ 50 ಎಂಎಂ 1.8 ಡಿ ಥರದವು ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರಿನೊಂದಿಗೆ ಆರ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ.

ಕಾರ್ಡ್: ಎರಡು ಸ್ಲಾಟ್ ಇದ್ದರೆ ಎರಡರಲ್ಲೂ ಒಂದೇ ಚಿತ್ರ ಉಳಿಯುವಂತೆ ಇಡಿ. ಸಿಎಫ್‌ಎಕ್ಸ್‌ಪ್ರೆಸ್ ಬಳಸುವ ಬಾಡಿಯಾದರೆ ಅದರ ರೀಡರ್ ಬೇರೆ ಬೇಕು.

ಕೈ ಪಳಗಿತೆಂದು ತಿಳಿಯುವುದು ಹೇಗೆ?

ಕ್ಯಾಮೆರಾ ಬಂದ ಮೇಲೆ ದಿನಕ್ಕೆ ಹತ್ತು ನಿಮಿಷದಂತೆ ಬಿಡದೆ ಅಭ್ಯಾಸ ಮಾಡುವುದು, ಒಂದು ಭಾನುವಾರ ಪೂರ್ತಿ ಕೂರುವುದಕ್ಕಿಂತ ಒಳ್ಳೆಯದು. ಈ ಅವಧಿಯಲ್ಲಿ ಹಳೆಯದನ್ನೂ ಹೊಸದನ್ನೂ ಗಳಿಗೆಗೊಮ್ಮೆ ಬದಲಾಯಿಸುತ್ತಾ ಆಡಿಸಬೇಡಿ, ಎರಡೂ ರೂಢಿಗಳು ಕಲಸಿಕೊಳ್ಳುತ್ತವೆ. ಪ್ರತಿದಿನ ಬೆಳಿಗ್ಗೆ ಹೊಸದನ್ನೇ ಕೈಗೆತ್ತಿಕೊಳ್ಳಿ.

ಪರೀಕ್ಷೆ ಸರಳವಾದದ್ದು. ರಾತ್ರಿ ದೀಪ ಆರಿಸಿ ಕೂತು, ಮನೆಯವರೊಬ್ಬರಿಗೆ ನಿಮ್ಮ ಐದು ಸಂಗತಿಗಳ ಪಟ್ಟಿಯಿಂದ ಮನಸ್ಸಿಗೆ ಬಂದದ್ದನ್ನು ಕೂಗಲು ಹೇಳಿ: "ಐಎಸ್‌ಒ 1600," "ಪ್ಲಸ್ 1," "ಫೋಕಸ್ ಬಿಂದು ಬಲಕ್ಕೆ," "ಸರ್ವೋ." ಕತ್ತಲಲ್ಲೇ ಹೊಂದಿಸಿ, ದೀಪ ಹಾಕಿ ನೋಡಿ. ತಪ್ಪಿದ್ದು ಯಾವುದೋ ಅದೊಂದನ್ನೇ ಮರುದಿನ ಅಭ್ಯಾಸ ಮಾಡಿ. ಐದೂ ಸತತವಾಗಿ ಸರಿ ಬರುವ ದಿನ ಹೊಸದು ನಿಮ್ಮ ಮೊದಲ ಕ್ಯಾಮೆರಾ ಆಗಬಹುದು. ಅಲ್ಲಿಯವರೆಗೆ, ಎಷ್ಟೇ ಒಳ್ಳೆಯ ಬೆಲೆ ಬಂದರೂ, ಹಳೆಯದನ್ನು ಮಾರಬೇಡಿ. ನಿಮ್ಮನ್ನು ಕರೆಸಿದ ಮನೆಯವರು ನಂಬಿರುವುದು ನಿಮ್ಮ ಕೈಯನ್ನು. ಆ ಕೈಗೆ ಕಲಿಯಲು ಸಮಯ ಕೊಡುವುದೂ ಕಸುಬಿನ ಭಾಗವೇ.